ಹಿಮ್ಮೇಳಕ್ಕೆ ಕಿವಿಗೊಡಿ

ಕೇಳುಗ ಮಿತ್ರರಿಗೆ ನಮಸ್ಕಾರ. 1961ರ ಜನವರಿಯ ಕೊನೆಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಎಂಬ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿದ ‘ವಿಲ್ ಯು ಲವ್ ಮಿ ಟುಮಾರೋ’ ಎಂಬ ಪ್ರೇಮಗೀತೆಯನ್ನು ಕುರಿತು ಇಂದು ಮಾತನಾಡುತ್ತೇನೆ. ಹಾಡಿದವರು ನ್ಯೂಜೆರ್ಸಿಯ ಪಸೇಯಿಕ್ ಊರಿನ ಒಂದೇ ಶಾಲೆಯಲ್ಲಿ ಓದಿದ ನಾಲ್ವರು ಕಪ್ಪು ಯುವತಿಯರು. ತಂಡದ ಹೆಸರು ಶಿರೆಲ್ಸ್. ಕಪ್ಪು ಯುವತಿಯರ ಗಾಯನ ತಂಡವೊಂದು ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ನಾನು ಕೇಳಿಕೊಳ್ಳುವುದು ಇಷ್ಟೇ: ಈ ಹಾಡಿನ ಹಿಮ್ಮೇಳಕ್ಕೆ ಕಿವಿಗೊಡಿ.

ಹಾಡು ಹುಟ್ಟಿದ ಬಗೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ರಾಗ ಸಂಯೋಜಿಸಿದ ಕ್ಯಾರೊಲ್ ಕಿಂಗ್ ಅವರಿಗೆ ಆಗ 18 ವರ್ಷ, ಮಡಿಲಲ್ಲಿ ಹಸುಗೂಸು. ಪತಿ ಜೆರಿ ಗಾಫಿನ್ ಹಗಲು ರಾಸಾಯನಿಕ ಕಂಪನಿಯಲ್ಲಿ ದುಡಿದು, ರಾತ್ರಿ ಹಾಡು ಬರೆಯುತ್ತಿದ್ದರು. ಒಂದು ಸಂಜೆ ಕಿಂಗ್ ಹೊಸ ರಾಗವನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಸಿ, ಸಾಹಿತ್ಯ ಬರೆಯುವಂತೆ ಚೀಟಿಯಿಟ್ಟು, ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟ ಆಡಲು ಹೊರಟುಹೋದರು. ಕೆಲಸ ಮುಗಿಸಿ ಮನೆಗೆ ಬಂದ ಗಾಫಿನ್ ಅದನ್ನು ಕೇಳಿ ಸಾಹಿತ್ಯ ಬರೆದರು. ಈ ರಾತ್ರಿ ನನ್ನವನಾಗಿರುವ ನೀನು ನಾಳೆಯೂ ನನ್ನನ್ನು ಪ್ರೀತಿಸುವೆಯಾ ಎಂಬ ಹೆಣ್ಣಿನ ಅಳುಕನ್ನು 21ರ ಆ ಯುವಕ ಎಷ್ಟು ನಿಖರವಾಗಿ ಹಿಡಿದರೆಂದು ಇಂದಿಗೂ ಬೆರಗಾಗುತ್ತದೆ! ಹಾಡು ಗೆದ್ದ ಮೇಲೆ ಅವರು ಕಂಪನಿಯ ಕೆಲಸ ಬಿಟ್ಟರು.

ಮುಖ್ಯ ಗಾಯಕಿ ಶರ್ಲಿ ಓವೆನ್ಸ್ ಅವರಿಗೆ ಈ ಹಾಡು ಮೊದಲು ಹಿಡಿಸಲಿಲ್ಲ. ಹಳ್ಳಿಗಾಡಿನ ಕಂಟ್ರಿ ಸಂಗೀತದಂತಿದೆ ಎಂದು ಹಿಂಜರಿದರು. ತಂತಿವಾದ್ಯಗಳ ಭಾಗವನ್ನು ಕಿಂಗ್ ಬರೆದು ಸೇರಿಸಿದ ಮೇಲೆ ಒಪ್ಪಿದರು.

ಜನ ಓವೆನ್ಸ್ ಅವರ ದನಿಯನ್ನು ಹೊಗಳಿ ಸುಮ್ಮನಾಗುತ್ತಾರೆ, ಅದು ಸಾಲದು. ಆಕೆ ಆಲಂಕಾರಿಕವಾಗಿ ಏನನ್ನೂ ಮಾಡದೆ, ಮಾತನಾಡುವಷ್ಟೇ ಸರಳವಾಗಿ ಪ್ರಶ್ನೆ ಕೇಳುತ್ತಾರೆ. ನಮ್ಮ ಭಜನೆಯಲ್ಲಾದರೆ ಮುಂದಿನವರು ಹೇಳಿದ ಸಾಲನ್ನೇ ಹಿಂದಿನವರು ಹೇಳುತ್ತಾರೆ. ಇಲ್ಲಿ ಡಾರಿಸ್ ಕೋಲಿ, ಆಡಿ ಹ್ಯಾರಿಸ್ ಮತ್ತು ಬೆವರ್ಲಿ ಲೀ ಅರ್ಥವಿಲ್ಲದ ಪುಟ್ಟ ಪುಟ್ಟ ಅಕ್ಷರಗಳನ್ನು ಲಯಕ್ಕೆ ಹೊಂದಿಸಿ ಹಾಡುತ್ತಾರೆ. ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೇಳುವವಳನ್ನು ಒಂಟಿಯಾಗಿಯೂ ಬಿಡುವುದಿಲ್ಲ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಹಿಮ್ಮೇಳಕ್ಕೆ ಕಿವಿಗೊಡಿ.

ಸಮಯ ಮುಗಿಯುತ್ತಿರುವುದರಿಂದ ಇನ್ನೊಂದನ್ನು ಚುಟುಕಾಗಿ ಹೇಳುತ್ತೇನೆ. 1971ರಲ್ಲಿ ಕಿಂಗ್ ತಮ್ಮ ‘ಟೇಪೆಸ್ಟ್ರಿ’ ಆಲ್ಬಮ್ಮಿನಲ್ಲಿ ಇದೇ ಹಾಡನ್ನು ವಿಳಂಬ ಗತಿಯಲ್ಲಿ, ಪಿಯಾನೋ ನುಡಿಸುತ್ತ ಹಾಡಿದರು. ಅಲ್ಲಿ ಹಿಮ್ಮೇಳದಲ್ಲಿ ನಿಂತವರು ಹೆಸರಾಂತ ಗಾಯಕ ಜೇಮ್ಸ್ ಟೇಲರ್ ಮತ್ತು ಗಾಯಕಿ ಜೋನಿ ಮಿಚೆಲ್. ಎರಡನ್ನೂ ಒಂದರ ಹಿಂದೊಂದು ಕೇಳಿ, ಮೊದಲಿನದನ್ನು ಮೊದಲು. ನಮಸ್ಕಾರ.