ಮೆಕ್ಕೆಜೋಳದ ಹೊಲ, ಪತಂಜಲಿ ಗುಮ್ಮಟ

[ದೃಶ್ಯ: ಕಣ್ಣು ಹಾಯುವಷ್ಟೂ ಮೆಕ್ಕೆಜೋಳ. ದೂರದಲ್ಲಿ ಚಿನ್ನದ ಬಣ್ಣದ ಎರಡು ಗುಮ್ಮಟ.]

ಅದರಲ್ಲೊಂದು ಗುಮ್ಮಟದ ಹೆಸರು ಪತಂಜಲಿ. ಋಷಿಕೇಶ ಅಂದ್ಕೊಂಡ್ರಾ? ಅಲ್ಲ ಸ್ವಾಮಿ, ಇದು ಅಮೆರಿಕದ ಅಯೋವಾ ರಾಜ್ಯದ ಜೆಫರ್ಸನ್ ಕೌಂಟಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ ಅಂತಿಟ್ಕೊಳ್ಳಿ. ಜನ ಮಾತ್ರ 2020ರ ಲೆಕ್ಕದಲ್ಲಿ 15 ಸಾವಿರ ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫೇರ್‌ಫೀಲ್ಡ್ ಅನ್ನೋ ಒಂದೇ ಪೇಟೆಯಲ್ಲಿದ್ದಾರೆ.

ಗುಮ್ಮಟಕ್ಕೆ ಆಮೇಲೆ ಬರೋಣ, ಮೊದಲು ಜಾತ್ರೆಗೆ ಹೋಗೋಣ. ಈಗ ಲಕ್ಷಗಟ್ಟಲೆ ಜನ ಸೇರುವ ಅಯೋವಾ ಸ್ಟೇಟ್ ಫೇರ್ ಮೊದಲು ನಡೆದಿದ್ದು ಇಲ್ಲೇ, 1854ರ ಅಕ್ಟೋಬರ್‌ನಲ್ಲಿ. ಊರಿಗೆ ಇನ್ನೂ ರೈಲು ಬಂದಿರಲಿಲ್ಲ, ಬಂದವರೆಲ್ಲ ಗಾಡಿ ಕಟ್ಟಿಕೊಂಡೇ ಬಂದರು. ಹೆಂಗಸರ ಕುದುರೆ ಸವಾರಿ ಸ್ಪರ್ಧೆಗೆ ಚಿನ್ನದ ಗಡಿಯಾರದ ಬಹುಮಾನ ಇತ್ತು. 13 ವರ್ಷದ ಎಲೈಝಾ ಜೇನ್ ಹಾಡ್ಜಸ್ ಅನ್ನೋ ಹುಡುಗಿಯ ಸವಾರಿಗೆ ಜನ ಹುಚ್ಚೆದ್ದರು. ಆದರೆ ತೀರ್ಪುಗಾರರು ಗಡಿಯಾರ ಕೊಟ್ಟಿದ್ದು ಬೇರೆಯವರಿಗೆ. ಜನ ಸುಮ್ಮನಿರ್ತಾರಾ? ಅಲ್ಲೇ ದುಡ್ಡು ಎತ್ತಿ ಹುಡುಗಿಗೆ ಕೊಟ್ಟರು, ಓದಿಗೂ ದಾರಿ ಮಾಡಿದರು!

[ದೃಶ್ಯ: ಹಳೇ ಮರದ ಕೊಟ್ಟಿಗೆ. ಕ್ಯಾಮೆರಾ ನಿಧಾನಕ್ಕೆ ಸೂರಿನ ಕಡೆಗೆ.]

ಇಲ್ಲಿ ಸ್ವಲ್ಪ ತಲೆ ಎತ್ತಿ ನೋಡಿ. ಹುಲ್ಲನ್ನ ಅಟ್ಟಕ್ಕೆ ಏರಿಸೋದು ಸೊಂಟ ಮುರಿಯೋ ಕೆಲಸ, ದನ ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಫೇರ್‌ಫೀಲ್ಡಿನ ವಿಲಿಯಂ ಲೌಡನ್ 1867ರಲ್ಲಿ ಇದಕ್ಕೊಂದು ಸಾಧನದ ಪೇಟೆಂಟ್ ಪಡೆದ. ಸೂರಿನಡಿ ಒಂದು ಹಳಿ, ಅದರಲ್ಲಿ ಓಡೋ ಪುಟ್ಟ ಗಾಲಿಬಂಡಿ, ಹಗ್ಗದ ತುದಿಗೆ ದೊಡ್ಡ ಕೊಕ್ಕೆ. ಕೆಳಗೆ ಕುದುರೆ ಹಗ್ಗ ಎಳೆದರೆ ಹುಲ್ಲಿನ ಹೊರೆ ಮೇಲೆದ್ದು, ಹಳಿ ಹಿಡಿದು ಅಟ್ಟದೊಳಕ್ಕೆ ಜಾರುತ್ತೆ. ನನ್ನ ಕೇಳಿದರೆ ಈ ಕೌಂಟಿಯ ನಿಜವಾದ ಪವಾಡ ಇದೇ.

ಇನ್ನು ಗುಮ್ಮಟ. 1875ರಲ್ಲಿ ಶುರುವಾದ ಪಾರ್ಸನ್ಸ್ ಕಾಲೇಜು 1973ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಖಾಲಿ ಬಿದ್ದ ಆವರಣಕ್ಕೆ ಮರುವರ್ಷವೇ ಬಂದಿದ್ದು ನಮ್ಮ ದೇಶದ ಧ್ಯಾನಗುರು ಮಹರ್ಷಿ ಮಹೇಶ್ ಯೋಗಿಯವರ ವಿಶ್ವವಿದ್ಯಾಲಯ. 80ರ ದಶಕದ ಆರಂಭಕ್ಕೆ ಗುಮ್ಮಟ ಎದ್ದವು: ಗಂಡಸರಿಗೊಂದು, ಹೆಂಗಸರಿಗೊಂದು. ದಿನಕ್ಕೆ ಎರಡು ಹೊತ್ತು ಸಾಮೂಹಿಕ ಧ್ಯಾನ.

ಹಂದಿ ಸಾಕಿ, ಸೋಯಾ ಬಿತ್ತಿ, ಭಾನುವಾರ ಚರ್ಚಿಗೆ ಹೋಗುವ ಜನಕ್ಕೆ ಇದು ಹೇಗೆ ಕಂಡಿರಬೇಡ! ಬಂದವರಿಗೆ ಊರವರು ಇಟ್ಟ ಅಡ್ಡಹೆಸರು 'ರೂ', ಅಂದ್ರೆ 'ಗುರು'ವಿನ ಬಾಲ. ಊರವರು 'ಟೌನಿ'ಗಳಾದರು. ಎರಡು ಪಂಗಡಕ್ಕೂ ಒಬ್ಬರ ಮೇಲೊಬ್ಬರಿಗೆ ಗುಮಾನಿ ಇತ್ತು. ಆದರೆ ಧ್ಯಾನಕ್ಕೆ ಬಂದವರು ಅಂಗಡಿ, ಕಂಪನಿ ತೆರೆದರು, ಮನೆ ಕಟ್ಟಿದರು, ಬೇರು ಬಿಟ್ಟರು. 2001ರಲ್ಲಿ ಪಕ್ಕದಲ್ಲೇ ಮಹರ್ಷಿ ವೇದಿಕ್ ಸಿಟಿ ಅಂತ ಪ್ರತ್ಯೇಕ ಊರೇ ಹುಟ್ಟಿತು. ಅಲ್ಲಿ ಮನೆ ಬಾಗಿಲು ಪೂರ್ವಕ್ಕೇ ಇರಬೇಕು.

ಅದೇ ವರ್ಷ ಫೇರ್‌ಫೀಲ್ಡಿನ ಮೇಯರ್ ಚುನಾವಣೆಯಲ್ಲಿ ಗೆದ್ದಿದ್ದು ಎಡ್ ಮಲಾಯ್, ಒಬ್ಬ 'ರೂ'. 2019ರವರೆಗೂ ಆ ಕುರ್ಚಿ ಅವರದೇ ಆಗಿತ್ತು.