ಪಾಸ್ ಎಸೆಯುತ್ತಿದ್ದವರು ಪಾಸ್ ಹಿಡಿಯಲು ನಿಂತಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಕೆಂಟ್ ಅಂತ ಒಂದು ಊರು. ಅಲ್ಲಿನ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 2008ರಲ್ಲಿ ಜೂಲಿಯನ್ ಎಡೆಲ್‌ಮನ್ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಆ ಒಂದು ಸೀಸನ್‌ನಲ್ಲಿ ಅವರು ಪಾಸ್ ಎಸೆದು 1,820 ಯಾರ್ಡ್ ಗಳಿಸಿದರು. ತಾವೇ ಚೆಂಡು ಹಿಡಿದು ಓಡಿ ಇನ್ನೂ 1,370 ಯಾರ್ಡ್ ಗಳಿಸಿದರು. ಎರಡೂ ಸೇರಿದರೆ 3,190. ಆ ಕಾಲೇಜಿನಲ್ಲಿ ಅದಕ್ಕೆ ಮುಂಚೆ ಯಾರೂ ಒಂದೇ ಸೀಸನ್‌ನಲ್ಲಿ ಅಷ್ಟು ಮಾಡಿರಲಿಲ್ಲ. ಆದರೂ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪ್ರತಿ ವರ್ಷ ನಡೆಸುವ ಆಯ್ಕೆ ಶಿಬಿರಕ್ಕೆ ಅವರನ್ನು ಕರೆಯಲೇ ಇಲ್ಲ. ಎತ್ತರ 5 ಅಡಿ 10 ಅಂಗುಲ. ಕ್ವಾರ್ಟರ್‌ಬ್ಯಾಕ್ ಆಗೋಕೆ ಅದು ಸಾಲದು ಅನ್ನೋದು ತಂಡಗಳ ಲೆಕ್ಕ.

ಇಲ್ಲಿ ಒಂದು ಮಾತು. ಈ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು. ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೀಗೆ ಹೋಗ್ತಾ ಹೋಗ್ತಾ ಎದುರು ತಂಡದ ಗೆರೆ ದಾಟಿದರೆ ಟಚ್‌ಡೌನ್. ಪ್ರತಿ ಸಲ ಆಟ ಶುರುವಾಗುವುದು ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬಂದಾಗ. ಯಾರಿಗೆ ಎಸೆಯಬೇಕು, ಯಾರಿಗೆ ಕೈಗೆ ಕೊಡಬೇಕು, ಎದುರಿನವರು ಏನು ಹೂಡಿದ್ದಾರೆ, ಎಲ್ಲವನ್ನೂ ಅವನು ಎರಡು ಮೂರು ಸೆಕೆಂಡ್‌ನಲ್ಲಿ ತೀರ್ಮಾನ ಮಾಡಬೇಕು. ಮೈದಾನದಲ್ಲಿ ಒಂದು ಸಲಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್. ಲೀಗ್‌ನಲ್ಲಿ ಇರುವುದು 32 ತಂಡ. ಅಂದರೆ ಇಡೀ ದೇಶದಲ್ಲಿ ಈ ಕೆಲಸ ಖಾಯಂ ಆಗಿ ಸಿಗುವುದು 32 ಜನಕ್ಕೆ. ಕಾಲೇಜುಗಳಲ್ಲಿ ಆಡುವ ಹುಡುಗರು ಎಷ್ಟೋ ನೂರು. ಉಳಿದವರು ಏನು ಮಾಡಬೇಕು?

ಬಹಳ ಜನ ಆಟ ಬಿಡುತ್ತಾರೆ. ಕೆಲವರು ಜಾಗ ಬದಲಿಸುತ್ತಾರೆ. ಇವತ್ತು ನಾನು ಮಾತಾಡುವುದು ಈ ಕೆಲವರ ಬಗ್ಗೆ. ಜಾಗ ಬದಲಿಸಿದ ಅಂದ ಕೂಡಲೇ ‘ಪಾಪ, ಕೆಳಗೆ ಇಳಿಸಿಬಿಟ್ಟರು’ ಅಂತ ನೋಡುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಯಾರು ಬದಲಿಸಿದರು, ತಾನೇ ಒಪ್ಪಿದನೋ ಬೇರೆಯವರು ತಳ್ಳಿದರೋ ಅನ್ನೋ ಪ್ರಶ್ನೆ ಮಾತ್ರ ತುಂಬ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಎಡೆಲ್‌ಮನ್ ವಿಷಯಕ್ಕೆ ಬರೋಣ. ಶಿಬಿರಕ್ಕೆ ಕರೆ ಬರದಿದ್ದರೂ ತಂಡಗಳವರ ಎದುರು ಓಡಿ ತೋರಿಸುವ ಒಂದು ಅವಕಾಶ ಇತ್ತು. ಐದು ಯಾರ್ಡ್ ಒಂದು ಪಕ್ಕಕ್ಕೆ ಓಡಿ, ತಿರುಗಿ ಹತ್ತು ಯಾರ್ಡ್ ಇನ್ನೊಂದು ಪಕ್ಕಕ್ಕೆ ಓಡಿ, ಮತ್ತೆ ತಿರುಗಿ ಐದು ಯಾರ್ಡ್ ವಾಪಸ್ ಬರುವ ಪರೀಕ್ಷೆ ಅದು. ಅದನ್ನು ಅವರು 3.91 ಸೆಕೆಂಡ್‌ನಲ್ಲಿ ಮುಗಿಸಿದರು. ನೆಟ್ಟಗೆ ಓಡುವ ವೇಗ ಬೇರೆ, ಗಕ್ಕನೆ ನಿಂತು ತಿರುಗುವ ವೇಗ ಬೇರೆ. ಎರಡನೆಯದು ಅವರಲ್ಲಿ ಧಾರಾಳವಾಗಿತ್ತು. ಕೆನಡಾದ ಬಿ.ಸಿ. ಲಯನ್ಸ್ ತಂಡದವರು ಬಂದು ಆಡಿ ಅಂದರು. ಅಷ್ಟರಲ್ಲಿ 2009ರ ಡ್ರಾಫ್ಟ್ ಬಂತು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ದಿನಗಳು. ಒಟ್ಟು ಏಳು ಸುತ್ತು. ಕೊನೆಯ ಸುತ್ತಿನಲ್ಲಿ, 232ನೆಯ ಹೆಸರಾಗಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಎಡೆಲ್‌ಮನ್ ಅವರನ್ನು ತೆಗೆದುಕೊಂಡಿತು. ಆಗ ಆ ತಂಡದ ಕ್ವಾರ್ಟರ್‌ಬ್ಯಾಕ್ ದೊಡ್ಡ ಹೆಸರಿನ ಟಾಮ್ ಬ್ರೇಡಿ. ಅಲ್ಲಿ ಇನ್ನೊಬ್ಬರಿಗೆ ಏನು ಕೆಲಸ ಇತ್ತು? ಹಾಗಾಗಿ ಇವರಿಗೆ ಸಿಕ್ಕಿದ್ದು ರಿಸೀವರ್ ಜಾಗ. ಬ್ರೇಡಿ ಎಸೆದದ್ದನ್ನು ಹಿಡಿಯುವ ಕೆಲಸ.

ಕೇಳೋಕೆ ಸುಲಭ ಅನ್ನಿಸುತ್ತೆ, ಅಲ್ವಾ? ಎಸೆಯೋಕೆ ಬರುವವನಿಗೆ ಹಿಡಿಯೋಕೆ ಬರೋದಿಲ್ವಾ ಅಂತ. ಹಾಗಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಅಭ್ಯಾಸದಲ್ಲಿ ಬೇರೆ ಬಣ್ಣದ ಅಂಗಿ ಕೊಡುತ್ತಾರೆ. ಯಾರೂ ಅವನ ಮೈ ಮುಟ್ಟಬಾರದು ಅಂತ ಅದರ ಅರ್ಥ. ರಿಸೀವರ್‌ಗೆ ಆ ರಕ್ಷಣೆ ಇಲ್ಲ. ಆಟ ಶುರುವಾಗುವ ಗೆರೆಯಲ್ಲೇ ಎದುರಿನವನು ಎದೆಗೆ ಕೈ ಕೊಟ್ಟು ತಡೆಯುತ್ತಾನೆ. ಅವನನ್ನು ತಪ್ಪಿಸಿಕೊಳ್ಳೋಕೆ ಕಾಲಿನ ಹೆಜ್ಜೆಗಳನ್ನೇ ಹೊಸದಾಗಿ ಕಲಿಯಬೇಕು. ಇಷ್ಟು ಹೆಜ್ಜೆ ನೆಟ್ಟಗೆ ಹೋಗಿ, ಇಂಥ ಕಾಲನ್ನು ಊರಿ, ಇಷ್ಟು ಕೋನದಲ್ಲಿ ತಿರುಗಬೇಕು ಅನ್ನೋ ಲೆಕ್ಕ ಇರುತ್ತದೆ. ಅದಕ್ಕೆ ರೂಟ್ ಅನ್ನುತ್ತಾರೆ. ಒಂದು ಹೆಜ್ಜೆ ಜಾಸ್ತಿಯಾದರೆ ಚೆಂಡು ಬೆನ್ನ ಹಿಂದೆ ಹೋಗುತ್ತದೆ. ಚೆಂಡು ಕೈಗೆ ಬರುವ ಹೊತ್ತಿಗೆ ನೂರು ಕಿಲೋ ತೂಕದ ಒಬ್ಬ ಪಕ್ಕದಿಂದ ಓಡಿ ಬರುತ್ತಿರುತ್ತಾನೆ. ಅವನು ಬರೋದು ಗೊತ್ತಿದ್ದೂ ಕಣ್ಣು ಚೆಂಡಿನ ಮೇಲೇ ಇರಬೇಕು.

ಜೊತೆಗೆ ಪಂಟ್ ಹಿಡಿಯುವ ಕೆಲಸ ಬೇರೆ. ಎದುರು ತಂಡ ಒದ್ದ ಚೆಂಡು ಆಕಾಶದಿಂದ ಬೀಳುವಾಗ ಅದನ್ನು ಹಿಡಿದು ವಾಪಸ್ ಓಡಬೇಕು. ಎಡೆಲ್‌ಮನ್ 2009ರ ಆಗಸ್ಟ್‌ನಲ್ಲಿ ತಮ್ಮ ಮೊದಲ ಅಭ್ಯಾಸ ಪಂದ್ಯದಲ್ಲೇ ಫಿಲಡೆಲ್ಫಿಯಾ ತಂಡದ ವಿರುದ್ಧ ಹೀಗೆ ಹಿಡಿದ ಚೆಂಡಿನೊಂದಿಗೆ 75 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಆದರೆ ಅವರ ಜಾಗದಲ್ಲಿ ವೆಸ್ ವೆಲ್ಕರ್ ಅನ್ನೋ ದೊಡ್ಡ ಆಟಗಾರ ಇದ್ದರು. ಮೊದಲ ವರ್ಷ ಎಡೆಲ್‌ಮನ್ ಹಿಡಿದದ್ದು 37 ಪಾಸ್. ಎರಡನೇ ವರ್ಷ 7. ಮೂರನೇ ವರ್ಷ 4. ನಾಲ್ಕನೇ ವರ್ಷ 21.

ಆ 4 ಅನ್ನೋ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದು 2011. ಕಾಲೇಜಿನಲ್ಲಿ ಪ್ರತಿ ಸಲವೂ ಚೆಂಡು ಮುಟ್ಟುತ್ತಿದ್ದ ಮನುಷ್ಯ ಇಡೀ ಸೀಸನ್‌ನಲ್ಲಿ ನಾಲ್ಕು ಪಾಸ್ ಹಿಡಿದರು. ಆ ವರ್ಷ ತಂಡದ ಡಿಫೆನ್ಸ್‌ನಲ್ಲಿ ಬಹಳ ಜನಕ್ಕೆ ಗಾಯವಾಗಿತ್ತು. ಕೋಚ್ ಬಿಲ್ ಬೆಲಿಚಿಕ್ ಇವರನ್ನು ಅಲ್ಲೂ ನಿಲ್ಲಿಸಿದರು. ಅಂದರೆ ಪಾಸ್ ಎಸೆಯುತ್ತಿದ್ದವರು ಪಾಸ್ ಹಿಡಿಯೋಕೆ ಬಂದು, ಈಗ ಬೇರೆಯವರು ಪಾಸ್ ಹಿಡಿಯದಂತೆ ತಡೆಯುವ ಕೆಲಸಕ್ಕೂ ನಿಂತರು. ಒಂದೇ ಆಟದ ಮೂರು ಮಗ್ಗುಲು. ಇದನ್ನು ಸಣ್ಣ ಕೆಲಸ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

2013ರಲ್ಲಿ ವೆಲ್ಕರ್ ಡೆನ್ವರ್‌ಗೆ ಹೋದರು. ಆ ವರ್ಷ ಎಡೆಲ್‌ಮನ್ ಹಿಡಿದ ಪಾಸ್ 105. ನಾಲ್ಕು ವರ್ಷಗಳಲ್ಲಿ ಸೇರಿ 69, ಐದನೆಯ ವರ್ಷ ಒಂದರಲ್ಲೇ 105.

ಇದರಲ್ಲಿ ಹಳೆಯ ಕ್ವಾರ್ಟರ್‌ಬ್ಯಾಕ್‌ನ ಪಾಲೂ ಇದೆ. ಮೈದಾನದ ಮಧ್ಯಭಾಗದಲ್ಲಿ ಆಡುವ ರಿಸೀವರ್‌ಗೆ ಎಷ್ಟೋ ಸಲ ರೂಟ್ ಮೊದಲೇ ಪೂರ್ತಿ ನಿಗದಿಯಾಗಿರುವುದಿಲ್ಲ. ಎದುರಿನವನು ಒಳಗೆ ನಿಂತರೆ ಇವನು ಹೊರಗೆ ತಿರುಗಬೇಕು. ಅವನು ಹೊರಗೆ ನಿಂತರೆ ಇವನು ಒಳಗೆ. ಇದನ್ನು ಓಡುತ್ತಲೇ ತೀರ್ಮಾನಿಸಬೇಕು. ದೂರದಲ್ಲಿ ನಿಂತ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣ ಅದನ್ನೇ ತೀರ್ಮಾನಿಸಿರಬೇಕು. ಇಬ್ಬರ ಓದು ಒಂದೇ ಆಗದಿದ್ದರೆ ಚೆಂಡು ಎದುರಾಳಿಯ ಕೈ ಸೇರುತ್ತದೆ. ಮದುವೆಮನೆಯ ಅಡುಗೆಯವರೇ ಪಂಕ್ತಿಯಲ್ಲಿ ಬಡಿಸೋಕೆ ನಿಂತರೆ ಯಾವುದರ ನಂತರ ಯಾವುದು ಬರಬೇಕು ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಾ? ಬ್ರೇಡಿ ಏನು ನೋಡುತ್ತಿದ್ದಾರೆ ಅನ್ನೋದು ಎಡೆಲ್‌ಮನ್‌ಗೆ ಗೊತ್ತಿತ್ತು, ಯಾಕಂದರೆ ಅವರೂ ವರ್ಷಗಟ್ಟಲೆ ಅದನ್ನೇ ನೋಡಿದ್ದರು.

ಹಳೆಯ ಕೈಚಳಕವೂ ಒಂದು ದಿನ ಕೆಲಸಕ್ಕೆ ಬಂತು. 2015ರ ಜನವರಿ 10. ಬಾಲ್ಟಿಮೋರ್ ವಿರುದ್ಧ ನಾಕೌಟ್ ಪಂದ್ಯ. ಪೇಟ್ರಿಯಟ್ಸ್ 28-21ರಲ್ಲಿ ಹಿಂದಿದ್ದರು. ಈ ಆಟದ ನಿಯಮದಲ್ಲಿ ಒಂದು ಸಲಕ್ಕೆ ಒಂದೇ ಪಾಸ್ ಮುಂದಕ್ಕೆ ಎಸೆಯಬಹುದು, ಹಿಂದಕ್ಕೆ ಎಸೆದರೆ ಲೆಕ್ಕಕ್ಕಿಲ್ಲ. ಬ್ರೇಡಿ ಎಡಗಡೆ ನಿಂತಿದ್ದ ಎಡೆಲ್‌ಮನ್ ಕಡೆಗೆ ಚೂರು ಹಿಂದಕ್ಕೆ ಚೆಂಡು ಎಸೆದರು. ಎದುರಿನವರು ಇವರನ್ನು ಹಿಡಿಯೋಕೆ ನುಗ್ಗಿದರು. ಎಡೆಲ್‌ಮನ್ ಓಡಲಿಲ್ಲ. ನಿಂತರು, ಕೈ ಎತ್ತಿ ಎಸೆದರು. ದೂರದಲ್ಲಿ ಒಬ್ಬರೇ ಓಡುತ್ತಿದ್ದ ಡ್ಯಾನಿ ಅಮೆಂಡೋಲಾ ಅದನ್ನು ಹಿಡಿದು ಗೆರೆ ದಾಟಿದರು. 51 ಯಾರ್ಡ್ ಟಚ್‌ಡೌನ್. ಪಂದ್ಯ ಸಮ. ಕೊನೆಗೆ 35-31ರಲ್ಲಿ ಪೇಟ್ರಿಯಟ್ಸ್ ಗೆದ್ದರು. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕೂಡ ಆ ಸೀಸನ್‌ನಲ್ಲಿ ಅವರದೇ ಆಯಿತು.

ಎರಡು ವರ್ಷ ಬಿಟ್ಟು ಹ್ಯೂಸ್ಟನ್‌ನಲ್ಲಿ ಅಟ್ಲಾಂಟಾ ವಿರುದ್ಧ ಸೂಪರ್ ಬೌಲ್ ನಡೆಯಿತು. ಒಂದು ಹಂತದಲ್ಲಿ ಪೇಟ್ರಿಯಟ್ಸ್ 28-3ರಲ್ಲಿ ಹಿಂದಿದ್ದರು. ಕೊನೆಯ ಮೂರು ನಿಮಿಷದೊಳಗೆ 28-20 ಆಗಿತ್ತು. ಬ್ರೇಡಿ ಎಸೆದ ಚೆಂಡಿಗೆ ಅಟ್ಲಾಂಟಾದ ರಾಬರ್ಟ್ ಆಲ್ಫರ್ಡ್ ಕೈ ತಗುಲಿತು. ಅದು ಮೇಲಕ್ಕೆ ಚಿಮ್ಮಿತು. ಮೂವರು ಅಟ್ಲಾಂಟಾದವರು, ಒಬ್ಬ ಎಡೆಲ್‌ಮನ್, ನಾಲ್ಕೂ ಜನ ಅದರ ಮೇಲೆ ಬಿದ್ದರು. ಚೆಂಡು ಆಲ್ಫರ್ಡ್ ಕಾಲಿನ ಮೇಲೆ ಬಿದ್ದು ಇನ್ನೇನು ನೆಲ ಮುಟ್ಟಬೇಕು, ಎಡೆಲ್‌ಮನ್ ಬೆರಳು ಅದರ ಕೆಳಗೆ ಹೋಯಿತು. ಕೈ ಒಮ್ಮೆ ಜಾರಿತು, ಮತ್ತೆ ಹಿಡಿದರು. ಅಂಪೈರ್‌ಗಳು ವಿಡಿಯೋ ನೋಡಿದ ಮೇಲೂ ಅದು ಕ್ಯಾಚೇ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಪೇಟ್ರಿಯಟ್ಸ್ 34-28ರಲ್ಲಿ ಗೆದ್ದರು. 2019ರ ಫೆಬ್ರವರಿಯಲ್ಲಿ ಮತ್ತೊಂದು ಸೂಪರ್ ಬೌಲ್‌ನಲ್ಲಿ 10 ಪಾಸ್ ಹಿಡಿದು 141 ಯಾರ್ಡ್ ಗಳಿಸಿದ ಎಡೆಲ್‌ಮನ್ ಪಂದ್ಯದ ಅತ್ಯುತ್ತಮ ಆಟಗಾರ ಆದರು.

ಕೆಂಟ್ ಸ್ಟೇಟ್‌ನವರೇ ಆದ ಜಾಶ್ ಕ್ರಿಬ್ಸ್ ಕೂಡ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್. ಎಡೆಲ್‌ಮನ್ ಮುರಿದದ್ದು ಅವರ ದಾಖಲೆಯನ್ನೇ. ಅವರನ್ನಂತೂ 2005ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಕ್ಲೀವ್‌ಲ್ಯಾಂಡ್ ತಂಡಕ್ಕೆ ಹೋಗಿ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವುದರಲ್ಲೇ ಹೆಸರು ಮಾಡಿದರು. ಲೋಗನ್ ಥಾಮಸ್ ಬಗ್ಗೆಯೂ ಹೇಳಬೇಕು. 6 ಅಡಿ 6 ಅಂಗುಲದ ಆಳು, ವರ್ಜೀನಿಯಾ ಟೆಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್. 2014ರಲ್ಲಿ ಅರಿಜೋನಾ ತಂಡಕ್ಕೆ ಎಸೆದದ್ದು ಒಂಬತ್ತೇ ಪಾಸ್. ಆಮೇಲೆ ಟೈಟ್ ಎಂಡ್ ಆದರು. ಹಿಡಿಯುವುದು, ತಳ್ಳಿ ತಡೆಯುವುದು ಎರಡನ್ನೂ ಮಾಡುವ ಜಾಗ ಅದು. ತಂಡದಿಂದ ತಂಡಕ್ಕೆ ಅಲೆದು, 2020ರಲ್ಲಿ ವಾಷಿಂಗ್ಟನ್ ಪರ 72 ಪಾಸ್ ಹಿಡಿದರು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಎರಿಕ್ ಕ್ರೌಚ್ 2001ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದ ಕ್ವಾರ್ಟರ್‌ಬ್ಯಾಕ್. ಸೇಂಟ್ ಲೂಯಿಸ್ ತಂಡ ಅವರನ್ನು ರಿಸೀವರ್ ಅಂತ ಆರಿಸಿತು. ಒಂದೇ ಒಂದು ಎನ್‌ಎಫ್‌ಎಲ್ ಲೀಗ್ ಪಂದ್ಯವನ್ನೂ ಅವರು ಆಡಲಿಲ್ಲ. ಟಿಮ್ ಟೀಬೋ ಕ್ವಾರ್ಟರ್‌ಬ್ಯಾಕ್ ಜಾಗವನ್ನು ಬಿಡೋಕೆ ಬಹಳ ವರ್ಷ ಒಪ್ಪಲಿಲ್ಲ. 2021ರಲ್ಲಿ ಟೈಟ್ ಎಂಡ್ ಆಗಿ ಬಂದಾಗ ವಯಸ್ಸು 34ರ ಹತ್ತಿರ. ಸೀಸನ್ ಶುರುವಾಗುವ ಮುಂಚೆಯೇ ತಂಡ ಕೈಬಿಟ್ಟಿತು. ಹೊಸ ಜಾಗ ಕಲಿಯೋಕೆ ಮೈಯಲ್ಲಿ ವರ್ಷಗಳು ಉಳಿದಿರಬೇಕು. ಎಡೆಲ್‌ಮನ್‌ಗೇ ನಾಲ್ಕು ವರ್ಷ ಹಿಡಿಯಿತಲ್ಲ.

ಈಗ ಆ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಅಮೆರಿಕದಲ್ಲಿ ಬಹಳ ವರ್ಷ ಕಪ್ಪು ಜನಾಂಗದ ಕಾಲೇಜು ಕ್ವಾರ್ಟರ್‌ಬ್ಯಾಕ್‌ಗಳಿಗೆ ಆಯ್ಕೆಯೇ ಇರಲಿಲ್ಲ. ಇವರ ಕಾಲು ಚುರುಕು, ಆದರೆ ತಂಡ ನಡೆಸುವ ತಲೆ ಇವರಿಗಿಲ್ಲ ಅನ್ನೋ ಕೆಟ್ಟ ನಂಬಿಕೆ ಬೇರೂರಿತ್ತು. ವೃತ್ತಿಪರ ತಂಡಕ್ಕೆ ಬಂದ ದಿನವೇ ಅವರನ್ನು ರಿಸೀವರ್ ಅಥವಾ ಡಿಫೆನ್ಸ್‌ಗೆ ಕಳಿಸುತ್ತಿದ್ದರು.

1968ರಲ್ಲಿ ಮಾರ್ಲಿನ್ ಬ್ರಿಸ್ಕೋ ಅವರನ್ನು ಡೆನ್ವರ್ ತಂಡ ಆರಿಸಿದ್ದು ಡಿಫೆನ್ಸ್‌ಗೆ. ಒಮಾಹಾದ ಕಾಲೇಜಿನಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಆಗಿ ಮಿಂಚಿದ್ದರು. ಸಹಿ ಹಾಕುವ ಮುಂಚೆ ಒಂದು ಷರತ್ತು ಹಾಕಿದರು: ಮೂರು ದಿನ ನನ್ನನ್ನು ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಬೇಕು. ಅದು ಮುಗಿದ ಮೇಲೆ ಅವರನ್ನು ಡಿಫೆನ್ಸ್‌ಗೇ ಕಳಿಸಿದರು. ಆಮೇಲೆ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿ ಅವಕಾಶ ಸಿಕ್ಕಿತು. ಆ ಸೀಸನ್‌ನಲ್ಲಿ ಬ್ರಿಸ್ಕೋ 14 ಟಚ್‌ಡೌನ್ ಪಾಸ್ ಎಸೆದರು. ಹೊಸ ಆಟಗಾರನೊಬ್ಬ ಆ ತಂಡಕ್ಕೆ ಅಷ್ಟು ಎಸೆದದ್ದು ಅದೇ ಮೊದಲು. ಮುಂದಿನ ವರ್ಷ ಆ ಜಾಗಕ್ಕೆ ಸ್ಪರ್ಧೆ ಮಾಡುವ ಅವಕಾಶವನ್ನೂ ಅವರಿಗೆ ಕೊಡಲಿಲ್ಲ.

ಅವರು ಬಫೆಲೋ ತಂಡಕ್ಕೆ ಹೋಗಿ ರಿಸೀವರ್ ಆದರು. 1970ರಲ್ಲಿ 57 ಪಾಸ್ ಹಿಡಿದು 1,036 ಯಾರ್ಡ್ ಗಳಿಸಿದರು. 1972ರಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದ ಮಯಾಮಿ ತಂಡದಲ್ಲೂ ಇದ್ದರು. ಒಳ್ಳೆಯ ರಿಸೀವರ್ ಆದರು ಅನ್ನೋದು ಸಂತೋಷವೇ. ಆದರೆ ಅದರಿಂದ ಅವರಿಗೆ ಆದ ಅನ್ಯಾಯ ಅಳಿಸಿ ಹೋಗುವುದಿಲ್ಲ. ನನಗೆ ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ವಾರೆನ್ ಮೂನ್ ಬೇರೆ ದಾರಿ ಹಿಡಿದರು. 1978ರಲ್ಲಿ ಜಾಗ ಬದಲಿಸಲು ಒಪ್ಪಲಿಲ್ಲ. ಯಾವ ಎನ್‌ಎಫ್‌ಎಲ್ ತಂಡವೂ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಲಿಲ್ಲ. ಕೆನಡಾದ ಎಡ್ಮಂಟನ್‌ಗೆ ಹೋಗಿ, ಅಲ್ಲಿನ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ ಅನ್ನು ಸತತ ಐದು ಸಲ ಗೆದ್ದ ತಂಡದಲ್ಲಿ ಆಡಿದರು. 1984ರಲ್ಲಿ ಹ್ಯೂಸ್ಟನ್‌ನವರು ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿಯೇ ಕರೆಸಿಕೊಂಡರು. ಟೋನಿ ಡಂಜಿ ಮಿನೆಸೋಟಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್. ಅವರನ್ನೂ ಆರಿಸಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಡಿಫೆನ್ಸ್‌ಗೆ ಬಂದು, 1978ರ ಸೀಸನ್‌ನ ಸೂಪರ್ ಬೌಲ್ ಗೆದ್ದ ಆ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ, ಆರು ಸಲ, ಎದುರಾಳಿಯ ಪಾಸ್ ಕಸಿದರು. ತಂಡ ನಡೆಸುವ ತಲೆ ಇಲ್ಲ ಅಂದಿದ್ದರಲ್ಲ, ಅದೇ ಡಂಜಿ 2007ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ನ ಕೋಚ್ ಆಗಿ ಸೂಪರ್ ಬೌಲ್ ಗೆದ್ದರು. ಹಾಗೆ ಗೆದ್ದ ಮೊದಲ ಕಪ್ಪು ಜನಾಂಗದ ಮುಖ್ಯ ಕೋಚ್ ಅವರು.

ಆ ಕಾಲ ಹೋಯಿತು ಅಂತ ಹೇಳೋಣ ಅಂದರೆ, 2018ರ ಡ್ರಾಫ್ಟ್‌ಗೆ ಮುಂಚೆ ಹೈಸ್‌ಮನ್ ಗೆದ್ದಿದ್ದ ಲಮಾರ್ ಜಾಕ್ಸನ್‌ಗೂ ರಿಸೀವರ್ ಆಗು ಅಂತ ಸಲಹೆ ಕೊಟ್ಟವರಿದ್ದರು. ಅವರು ಖಡಾಖಂಡಿತವಾಗಿ ಇಲ್ಲ ಅಂದರು. ಮೊದಲ ಸುತ್ತಿನ ಕಟ್ಟಕಡೆಯ ಹೆಸರಾಗಿ ಬಾಲ್ಟಿಮೋರ್ ಅವರನ್ನು ತೆಗೆದುಕೊಂಡಿತು. 2019ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು, 36, ಟಚ್‌ಡೌನ್ ಪಾಸ್ ಎಸೆದು, ಒಂದೂ ಮತ ಬೇರೆಯವರಿಗೆ ಹೋಗದ ಹಾಗೆ ವರ್ಷದ ಅತ್ಯುತ್ತಮ ಆಟಗಾರ ಆದರು. 2023ರಲ್ಲಿ ಮತ್ತೊಮ್ಮೆ ಅದೇ ಪ್ರಶಸ್ತಿ.

ಎಡೆಲ್‌ಮನ್ ಒಪ್ಪಿದ್ದನ್ನೂ ಜಾಕ್ಸನ್ ಒಪ್ಪದ್ದನ್ನೂ ನಾನು ಒಂದೇ ಗೌರವದಿಂದ ನೋಡುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ. ಆಸಕ್ತಿ ಇದ್ದವರು ಮೊದಲ ಸುತ್ತನ್ನಷ್ಟೇ ನೋಡಿ ಬಿಡಬೇಡಿ. ಆರನೇ, ಏಳನೇ ಸುತ್ತಿನ ಹೆಸರುಗಳನ್ನೂ ನೋಡಿ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನ ಹೆಸರಿನ ಮುಂದೆ ಬೇರೆ ಜಾಗ ಬರೆದಿದ್ದರೆ, ಅವನು ಎರಡು ಮೂರು ವರ್ಷದ ಮೇಲೆ ಎಲ್ಲಿದ್ದಾನೆ ಅಂತ ಹುಡುಕಿ ನೋಡಿ. ಇನ್ನು ಸೂಪರ್ ಬೌಲ್ ನಮ್ಮಲ್ಲಿ ಶುರುವಾಗುವುದು ಫೆಬ್ರವರಿಯ ಒಂದು ಸೋಮವಾರ ಬೆಳಗಿನ ಜಾವ ಐದು ಗಂಟೆಗೆ. ಅಷ್ಟು ಹೊತ್ತಿಗೆ ಏಳುವ ಅಭ್ಯಾಸ ಇರುವವರು ಒಂದು ಸಲ ನೋಡಬಹುದು.

ನಮಸ್ಕಾರ.