ಸೆಕೆಂಡ್ ಹ್ಯಾಂಡ್ ಫಾಸ್ಟ್ ಕಾರು: ‘ಎಷ್ಟು ಕೊಡುತ್ತೆ?’ ಅನ್ನೋದು ಆಮೇಲೆ ಕೇಳಿ

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಮೆಸೇಜ್ ಓದುತ್ತೇನೆ, ಕೇಳಿ. ‘ಅಣ್ಣಾ, 25 ಲಕ್ಷ ಕೂಡಿಸಿದ್ದೀನಿ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಗೊಳ್ಳಲಾ, ಇಲ್ಲಾ ಹಳೇ ಬಿಎಂಡಬ್ಲ್ಯು 330ಐ ತಗೊಳ್ಳಲಾ? ಯಾವುದು ಜಾಸ್ತಿ ಕೊಡುತ್ತೆ?’

ನೋಡಿ, 230 ಪಿಎಸ್ ಶಕ್ತಿಯ ಕಾರು ಕೊಳ್ಳುವಾಗಲೂ ಮೊದಲು ಬಾಯಿಗೆ ಬರೋದು ಮೈಲೇಜೇ. ತಮಾಷೆ ಮಾಡುತ್ತಿಲ್ಲ, ನಮ್ಮಪ್ಪ ರೋಡ್ ರೋಲರ್ ಕಂಡರೂ ಡ್ರೈವರಿಗೆ ಇದನ್ನೇ ಕೇಳುತ್ತಾರೆ.

ಸರಿ, ಆ ಲೆಕ್ಕ ಮೊದಲು ಮುಗಿಸಿಬಿಡೋಣ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಕಾರು ಲೀಟರಿಗೆ 9 ಕೊಡುತ್ತದೆ, ಇನ್ನೊಂದು 11. ಒಂದಕ್ಕೆ 1,111 ಲೀಟರ್ ಬೇಕು, ಇನ್ನೊಂದಕ್ಕೆ 909. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಹೆಚ್ಚುಕಮ್ಮಿ 21,000 ವ್ಯತ್ಯಾಸ. ತಿಂಗಳಿಗೆ ಸಾವಿರದ ಏಳುನೂರು ಚಿಲ್ಲರೆ. ಇಬ್ಬರು ಮಾಲ್‌ಗೆ ಹೋಗಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಅಲ್ಲಿಗಲ್ಲಿಗೆ ಸರಿಹೋಯಿತು.

[ಸ್ಕ್ರೀನ್ ಮೇಲೆ: 25 – 22, 25 – 16]

ಈಗ ಇದನ್ನು ನೋಡಿ. 25 ಲಕ್ಷಕ್ಕೆ ಕೊಂಡು ಮೂರು ವರ್ಷ ಓಡಿಸಿ ಮಾರುತ್ತೀರಿ. 22 ಬಂದರೆ ವರ್ಷಕ್ಕೆ ಒಂದು ಲಕ್ಷ ಹೋಯಿತು. 16 ಬಂದರೆ ವರ್ಷಕ್ಕೆ ಮೂರು ಲಕ್ಷ. ಬಂಕಿನಲ್ಲಿ ಮೀಟರ್ ತಿರುಗೋದು ಕಣ್ಣಿಗೆ ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ಮನೆ ಮುಂದೆ ನಿಂತ ಕಾರಿನ ಬೆಲೆ ಕರಗೋದಕ್ಕೆ ಮೀಟರೇ ಇಲ್ಲ.

ಹಾಗಾದರೆ ಯಾವುದು ನಿಧಾನ ಕರಗುತ್ತದೆ? ಇಲ್ಲಿ ಆಕ್ಟೇವಿಯಾದ ಕಥೆ ಮಜವಾಗಿದೆ, ಸ್ವಲ್ಪ ಟೈಮ್ ತಗೊಳ್ಳುತ್ತೇನೆ. 2017ರಲ್ಲಿ ಆರ್‌ಎಸ್ 230 ಬಂದಾಗ ಎಕ್ಸ್ ಶೋರೂಂ ಬೆಲೆ 24.62 ಲಕ್ಷ. 2020ರಲ್ಲಿ ಆರ್‌ಎಸ್ 245 ಬಂತು, ಬರೀ 200 ಕಾರು, 35.99 ಲಕ್ಷ. 2025ರಲ್ಲಿ ಹೊಸ ಆರ್‌ಎಸ್. ಬರೀ 100 ಕಾರು, 49.99 ಲಕ್ಷ! ಎಂಟು ವರ್ಷದಲ್ಲಿ ಹೊಸದರ ಬೆಲೆ ಡಬಲ್. ನಿಮ್ಮ ಪಕ್ಕದ ಸೈಟು ಐವತ್ತಕ್ಕೆ ಹೋಯಿತು ಅಂತ ಗೊತ್ತಾದ ಮೇಲೆ ನಿಮ್ಮ ಸೈಟನ್ನು ಯಾರಾದರೂ ಹದಿನೈದಕ್ಕೆ ಕೇಳಿದರೆ ಕೊಡುತ್ತೀರಾ? ಕಾಫಿ ಕುಡಿಸಿ ಕಳಿಸುತ್ತೀರಿ. ಹಳೇ ಆರ್‌ಎಸ್ ಓನರುಗಳೂ ಅಷ್ಟೇ. ಕಾರು ಇರೋದೇ ಕಡಿಮೆ, ಬೇಕು ಅನ್ನೋರು ಜಾಸ್ತಿ. ಚೌಕಾಸಿ ನಡೆಯೋದಿಲ್ಲ, ಸಿಟ್ಟು ಬರುತ್ತದೆ. ಆದರೆ ನೀವು ಮಾರೋ ದಿನ ಆ ಕುರ್ಚಿಯಲ್ಲಿ ನೀವೇ ಕೂತಿರುತ್ತೀರಿ, ಅಲ್ವಾ?

330ಐ ಕಥೆ ಉಲ್ಟಾ. 2019ರಲ್ಲಿ ಅದರ ಎಂ ಸ್ಪೋರ್ಟ್ ಮಾದರಿಯ ಎಕ್ಸ್ ಶೋರೂಂ ಬೆಲೆ 47.90 ಲಕ್ಷ. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸ್. 20 ಲಕ್ಷ ದಾಟಿದ ಕಾರಿಗೆ ಶೇಕಡ 18, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. ಒಟ್ಟು ಸುಮಾರು ಒಂಬತ್ತೂವರೆ ಲಕ್ಷ. ಒಂದು ಸ್ವಿಫ್ಟ್ ಬರುತ್ತದೆ ಸ್ವಾಮಿ! ಅದನ್ನು ಕಟ್ಟಿದವನೂ, ಬೆಲೆ ಬೇಗ ಕರಗಿದ ನಷ್ಟ ಹೊತ್ತವನೂ ಮೊದಲ ಓನರ್, ನೀವಲ್ಲ.

ಕುಣಿಯಬೇಡಿ, ಇನ್ನೂ ಮುಗಿದಿಲ್ಲ. ಅರಮನೆಯ ಆನೆಯನ್ನು ಯಾರೋ ನಿಮಗೆ ಅರ್ಧ ರೇಟಿಗೆ ಕೊಟ್ಟರು ಅಂತಿಟ್ಟುಕೊಳ್ಳಿ. (ಕೊಡೋದಿಲ್ಲ, ಕಾನೂನು ಒಪ್ಪೋದಿಲ್ಲ, ಟ್ರೈ ಮಾಡಬೇಡಿ.) ಬೆಲೆ ಅರ್ಧ ಆಯಿತು, ಆನೆಯ ಹೊಟ್ಟೆ ಅರ್ಧ ಆಯಿತಾ? 330ಐ ನಿಮಗೆ 25ಕ್ಕೆ ಸಿಕ್ಕರೂ ಅದರ ಹೆಡ್‌ಲೈಟು 48 ಲಕ್ಷದ ಕಾರಿನ ಹೆಡ್‌ಲೈಟೇ. ಬಿಲ್ ಮಾಡೋರು ‘ನೀವು ಎರಡನೇ ಓನರಾ, ಪಾಪ’ ಅಂತ ಅರ್ಧಕ್ಕೆ ಕೊಡೋದಿಲ್ಲ.

ಆನೆಯ ಹೊಟ್ಟೆ ನೋಡಬೇಕಾದರೆ ಟೈರ್ ನೋಡಿ. ಇಂಥ ಕಾರುಗಳಲ್ಲಿ 225/40 ಆರ್18 ಥರದ ಸೈಜ್ ಇರುತ್ತದೆ. ಅಗಲ 225 ಮಿಲಿಮೀಟರ್, ಅದರ ಶೇಕಡ 40 ಅಂದರೆ 90 ಮಿಲಿಮೀಟರ್, ಅಷ್ಟೇ ರಬ್ಬರ್ ಗೋಡೆ ಇರೋದು. 165/80 ಆರ್14 ಹಾಕಿದ ಚಿಕ್ಕ ಕಾರಿನಲ್ಲಿ ಅದು 132. ನಮ್ಮ ಗುಂಡಿಗಳಲ್ಲಿ ಯಾವುದು ಮೊದಲು ಸೀಳುತ್ತದೆ ಅಂತ ಬೇರೆ ಹೇಳಬೇಕಾ?

ಹೋದ ವರ್ಷ ಗೆಳೆಯನ ಜೊತೆ ಒಂದು ಕಾರು ನೋಡೋಕೆ ಹೋಗಿದ್ದೆ. ಮೀಟರಿನಲ್ಲಿ 28,000. ಪಾಲಿಶ್ ಹೇಗಿತ್ತು ಅಂದರೆ ಬಾನೆಟ್ ನೋಡಿಕೊಂಡು ಶೇವ್ ಮಾಡಬಹುದಿತ್ತು. ಮಂಡಿಯೂರಿ ಟೈರಿನ ಬದಿಗೆ ಮೊಬೈಲ್ ಲೈಟ್ ಬಿಟ್ಟೆ. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2217. ಅಂದರೆ 2017ರ 22ನೇ ವಾರದಲ್ಲಿ ತಯಾರಾದ ಟೈರು. ಮೇಲಿನ ಗ್ರಿಪ್ ಗೆರೆ ಸವೆದಿರಲಿಲ್ಲ. ಉಗುರು ಒತ್ತಿದರೆ ಮಾತ್ರ ಕಲ್ಲು, ಬದಿಯಲ್ಲೆಲ್ಲ ಕೂದಲೆಳೆಯಂಥ ಬಿರುಕು. ನಾಲ್ಕೂ ಹೋಯಿತು! ಮಾರೋನು ‘ಸಾರ್, ಕಾರು ಓಡಿಸೇ ಇಲ್ಲ’ ಅಂತ ಹೆಮ್ಮೆಯಿಂದ ಹೇಳುತ್ತಿದ್ದ. ಅದೇ ತೊಂದರೆ ಮಾರಾಯ.

[ಕ್ಯಾಮೆರಾ ಹಿಂದಿನಿಂದ ಕೈಸನ್ನೆ]

ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಉಳಿದದ್ದು ಒಂದೇ ಉಸಿರಿನಲ್ಲಿ. ದೆಹಲಿ ಕಾರು ಅಗ್ಗ ಅಂತ ಬಿದ್ದು ತರಬೇಡಿ, ಎನ್‌ಒಸಿ ಓಡಾಟ ಇದೆ, ವಯಸ್ಸಿಗೆ ಕಡಿತ ಸಿಕ್ಕರೂ ಲೈಫ್ ಟ್ಯಾಕ್ಸ್ ಇಲ್ಲಿ ಕಟ್ಟಲೇಬೇಕು. ಜೀರೋ ಡೆಪ್ ಇನ್ಶೂರೆನ್ಸ್ (ಹಳೇ ಭಾಗ ಅಂತ ದುಡ್ಡು ಕಡಿತ ಮಾಡದ ವಿಮೆ) ಈ ವಯಸ್ಸಿನ ಕಾರಿಗೆ ಸಿಗುತ್ತದಾ ಅಂತ ಅಡ್ವಾನ್ಸ್ ಕೊಡೋ ಮೊದಲೇ ಕೇಳಿ. ಇಲ್ಲದಿದ್ದರೆ ಬಂಪರ್ ಥರದ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮದೇ. ಆರ್‌ಎಸ್ 230ರ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ 60,000 ಕಿಲೋಮೀಟರಿಗೆ ಬದಲಾಯಿಸಬೇಕು. ಬಾಯಿಮಾತು ಬೇಡ, ಬಿಲ್ ತೋರಿಸಿ ಅನ್ನಿ. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಕಾರುಗಳನ್ನು ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಅಂತ ಮಾಡಿದ್ದಲ್ಲ, ಅದೂ ತಲೆಯಲ್ಲಿರಲಿ.

ನನ್ನ ಉತ್ತರ? ಮೂರು ವರ್ಷಕ್ಕೆ ಮಾರೋ ಮನುಷ್ಯ ಆದರೆ ಆಕ್ಟೇವಿಯಾ. ಬಿಎಂಡಬ್ಲ್ಯುನೇ ಬೇಕು ಅಂತ ಹಟ ಇದ್ದರೆ 25ನ್ನೂ ಕಾರಿಗೇ ಸುರಿಯಬೇಡಿ. 22ರ ಕಾರು ಹುಡುಕಿ, ಮೂರು ಲಕ್ಷ ಬೇರೆ ಅಕೌಂಟಿನಲ್ಲಿಟ್ಟು ಅದಕ್ಕೆ ‘ಆನೆ’ ಅಂತ ಹೆಸರಿಡಿ.

ಮೆಸೇಜ್ ಹಾಕಿದವರು ಈ ಭಾನುವಾರ ಒಂದು ಕಾರು ನೋಡೋಕೆ ಹೋಗುತ್ತಿದ್ದಾರಂತೆ. ತಮ್ಮಾ, ಬಾನೆಟ್ ಫೋಟೋ ಬೇಡ. ನಾಲ್ಕೂ ಟೈರಿನ ಅಂಕಿ ಕಳಿಸು.